ಬೆರಳಿಗೆ ಹತ್ತಿದ ಅಡಿಕೆ ಕರೆ

ಆಗಸ್ಟ್ ಕಳೆಯಿತೆಂದರೆ ಚನ್ನಗಿರಿ ಸೀಮೆಯ ಶಾಲೆಗಳಲ್ಲಿ ಹಾಜರಿ ಪುಸ್ತಕಕ್ಕಿಂತ ಮಕ್ಕಳ ಬೆರಳುಗಳೇ ಹೆಚ್ಚು ನಿಜ ಹೇಳುತ್ತವೆ. ಹಸಿ ಅಡಿಕೆ ಸುಲಿದವರ ಬೆರಳ ತುದಿಗೆ, ಉಗುರಿನ ಸಂದಿಗೆ ಕಪ್ಪು ಕರೆ ಹತ್ತುತ್ತದೆ. ಸೋಪು ಹಾಕಿ ಉಜ್ಜಿದರೂ ಅದು ಅಷ್ಟು ಬೇಗ ಬಿಡುವುದಿಲ್ಲ. ಗಣಿತದ ಪಾಠ ನಡೆಯುವಾಗ ಗೋಡೆಗೆ ಒರಗಿ ತೂಕಡಿಸುವ ಮಗುವಿನ ಕೈಯನ್ನೊಮ್ಮೆ ತಿರುಗಿಸಿ ನೋಡಿದರೆ, ಹಿಂದಿನ ರಾತ್ರಿ ಅದು ಯಾರ ಕಣದಲ್ಲಿ, ಯಾವ ಬಲ್ಬಿನ ಕೆಳಗೆ ಕೂತಿತ್ತು ಎಂದು ಕೇಳಬೇಕಾಗಿಯೇ ಇಲ್ಲ.

ಸೂಳೆಕೆರೆಯ ಮಗ್ಗುಲಿನ ಕೆರೆಬಿಳಚಿಯಿಂದ ಸಂತೆಬೆನ್ನೂರಿನವರೆಗೆ, ಅಲ್ಲಿಂದ ಚನ್ನಗಿರಿ ಪೇಟೆಯವರೆಗೆ ಕಣ್ಣು ಹಾಯಿಸಿದಲ್ಲೆಲ್ಲ ಅಡಿಕೆ ತೋಟ. ಭದ್ರಾ ನಾಲೆಯ ನೀರು, ಕೊಳವೆಬಾವಿ, ರಾಶಿ ಅಡಿಕೆಯ ಒಳ್ಳೆಯ ಧಾರಣೆ ಸೇರಿ ಭತ್ತದ ಗದ್ದೆಗಳನ್ನೂ ತೋಟ ಮಾಡಿವೆ. ಕೊಯ್ಲು ಆಗಸ್ಟ್‌ನಲ್ಲಿ ಶುರುವಾದರೆ ಮುಗಿಯುವುದು ಡಿಸೆಂಬರ್‌ಗೋ ಜನವರಿಗೋ. ಗೊನೆ ಇಳಿದ ಮೇಲೆ ಹಸಿ ಅಡಿಕೆಯನ್ನು ಇಟ್ಟುಕೊಂಡು ಕೂರುವಂತಿಲ್ಲ. ಸುಲಿಯಬೇಕು, ಹಂಡೆಯಲ್ಲಿ ಬೇಯಿಸಬೇಕು, ಬಿಸಿಲಿಗೆ ಹರವಬೇಕು. ಮೋಡ ಕವಿದರಂತೂ ತೋಟದ ಫಸಲನ್ನು ಗುತ್ತಿಗೆ ಹಿಡಿದ ಖೇಣಿದಾರನ ಎದೆ ಡವಗುಟ್ಟುತ್ತದೆ. ಹೀಗಾಗಿ ಹಗಲು ಕೊಯ್ದದ್ದು ರಾತ್ರಿ ಸುಲಿದು ಮುಗಿಯಬೇಕು. ಮನೆಯಲ್ಲಿ ಎಷ್ಟು ಕೈಗಳಿವೆಯೋ ಅಷ್ಟೂ ಕೈಗಳು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಬಂದು ಕೂರುತ್ತವೆ.

ಈ ಮಗುವನ್ನು ಕೆಲಸಕ್ಕೆ ಕರೆದವರು ಯಾರು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ತೋಟದವರು ಖೇಣಿದಾರರನ್ನು ತೋರಿಸುತ್ತಾರೆ. ಖೇಣಿದಾರರು, ‘ನಾನು ಕರೆದದ್ದು ಅವರಮ್ಮನನ್ನು’ ಎನ್ನುತ್ತಾರೆ. ಸುಲಿದ ಅಡಿಕೆಗೆ ಕೂಲಿ ತೂಕದ ಮೇಲೆ. ಮಗ ಸುಲಿದದ್ದು, ಮಗಳು ಸುಲಿದದ್ದು ತಾಯಿಯ ಬುಟ್ಟಿಗೇ ಬೀಳುತ್ತದೆ, ತಾಯಿಯ ಹೆಸರಿನಲ್ಲೇ ತೂಗುತ್ತದೆ. ಮಗುವಿನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಮಗುವಿಗೆಂದು ಯಾರೂ ಒಂದು ರೂಪಾಯಿ ಎಣಿಸಿಲ್ಲ. ಕಾರ್ಮಿಕ ಇಲಾಖೆಯ ಜೀಪು ಬರುವ ಹೊತ್ತಿಗೆ ಅಲ್ಲಿ ಇರುವುದು ಅಮ್ಮನ ಜೊತೆ ಬಂದ ಮಕ್ಕಳಷ್ಟೇ.

ಹೀಗೆ ಲೆಕ್ಕ ತಪ್ಪಿಸಿಕೊಳ್ಳುವುದು ಊರಿನ ಮಟ್ಟದಲ್ಲಿ ನಿಲ್ಲುವುದಿಲ್ಲ. 2001ರ ಜನಗಣತಿಯಲ್ಲಿ ದೇಶದ 5ರಿಂದ 14 ವಯಸ್ಸಿನ ದುಡಿಯುವ ಮಕ್ಕಳ ಸಂಖ್ಯೆ 1.26 ಕೋಟಿ ಇತ್ತು. 2011ರಲ್ಲಿ ಅದು 43.5 ಲಕ್ಷಕ್ಕೆ ಇಳಿಯಿತು ಎಂದು ಸರ್ಕಾರಿ ಕಾಗದಗಳು ಬರೆದುಕೊಂಡವು. ಆದರೆ ಎರಡನೆಯ ಅಂಕಿಯಲ್ಲಿ ಇದ್ದವರು ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ದುಡಿದ ಮಕ್ಕಳು ಮಾತ್ರ. ಆರು ತಿಂಗಳೊಳಗೆ ದುಡಿದ 57 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿದರೆ ಸಂಖ್ಯೆ ಮತ್ತೆ ಒಂದು ಕೋಟಿ ದಾಟುತ್ತದೆ. ಅಡಿಕೆಯ ಹಂಗಾಮು ನಾಲ್ಕೈದು ತಿಂಗಳು. ಅಂದರೆ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ರಾತ್ರಿಯೆಲ್ಲ ಸುಲಿದ ಮಗು ಆ 43.5 ಲಕ್ಷದಲ್ಲಿ ಇಲ್ಲ. ಕಬ್ಬು ಕಡಿಯುವಲ್ಲಿ, ಕಾಫಿ ಬಿಡಿಸುವಲ್ಲಿ, ಮೆಕ್ಕೆಜೋಳ ಮುರಿಯುವಲ್ಲಿ ಅಪ್ಪ ಅಮ್ಮನ ಹಿಂದೆ ಓಡಾಡುವ ಮಗುವಿನ ಕಥೆಯೂ ಅದೇ.

ಇದೆಲ್ಲ ಗೊತ್ತಿರುವುದು ಊರಿಗೆ. ಯಾವ ಮನೆಯ ಹುಡುಗ ಯಾರ ಕಣಕ್ಕೆ ಹೋಗುತ್ತಾನೆ, ಯಾವ ಲಂಬಾಣಿ ತಾಂಡಾದಿಂದ ಎಷ್ಟು ಕುಟುಂಬ ವಲಸೆಗೆ ಗಂಟು ಕಟ್ಟಿದೆ, ಯಾವ ಹುಡುಗಿ ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಉಳಿದಿದ್ದಾಳೆ ಎಂಬುದು ದಾವಣಗೆರೆಯ ಜಿಲ್ಲಾ ಕಚೇರಿಗೆ ತಲುಪಲು ತಿಂಗಳು ಬೇಕು. ಅಂಗನವಾಡಿ ಕಾರ್ಯಕರ್ತೆಗೆ, ಕಿರಾಣಿ ಅಂಗಡಿಯವರಿಗೆ, ಮುಂಜಾನೆ ಕೂಲಿಯವರನ್ನು ತುಂಬಿಕೊಂಡು ಹೊರಡುವ ಗೂಡ್ಸ್ ಆಟೊದ ಚಾಲಕನಿಗೆ ಅದೇ ದಿನ ಗೊತ್ತು. ಬಾಲಕಾರ್ಮಿಕ ಪದ್ಧತಿಯನ್ನು ತಡೆಯುವ ಕೆಲಸಕ್ಕೆ ಮೊದಲು ತಯಾರು ಮಾಡಬೇಕಾದದ್ದು ಇವರನ್ನು. ಅದರಲ್ಲೂ ಕೆಲಸ ಕೊಡುವವರನ್ನು ಬಿಟ್ಟು ತರಬೇತಿ ನಡೆಸಿದರೆ ಅದು ಬರೀ ಸಭೆಯಾಗುತ್ತದೆ.

ಈ ಊರುಗಳಿರುವ ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು. ಚಿತ್ರದುರ್ಗದಿಂದ ಜಗಳೂರು ಬಂತು. ಹೊನ್ನಾಳಿಯ ಮಡಿಲಿನಿಂದ ನ್ಯಾಮತಿ ಬೇರೆ ತಾಲ್ಲೂಕಾದದ್ದು ಈಚೆಗೆ. ಒಂದೇ ಜಿಲ್ಲೆಯಾದರೂ ನೀರು, ಮಣ್ಣು, ಬೆಳೆ ಎಲ್ಲ ಬೇರೆ. ಮಕ್ಕಳ ದುಡಿಮೆಯೂ ಬೇರೆ ಬೇರೆ ವೇಷದಲ್ಲಿದೆ. ಚನ್ನಗಿರಿಯಲ್ಲಿ ಅದು ಅಡಿಕೆ ಕಣ. ತುಂಗಭದ್ರೆಯ ದಡದ ಹೊನ್ನಾಳಿ, ಪಕ್ಕದ ನ್ಯಾಮತಿಯಲ್ಲಿ ಮೆಕ್ಕೆಜೋಳದ ಹೊಲ, ಜೊತೆಗೆ ವಲಸೆ. ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲೇ. ಪ್ರತಿ ಫೆಬ್ರುವರಿಯ ಜಯಂತಿಗೆ ನಾಡಿನ ಮೂಲೆಮೂಲೆಯ ಬಂಜಾರ (ಲಂಬಾಣಿ) ಜನ ಅಲ್ಲಿ ಸೇರುತ್ತಾರೆ. ಅದೇ ಸೀಮೆಯ ತಾಂಡಾಗಳಿಂದ ಹಂಗಾಮು ಬಂದಾಗ ಕುಟುಂಬಗಳು ಕಾಫಿ ತೋಟಕ್ಕೋ ಕಬ್ಬಿನ ಗದ್ದೆಗೋ ಹೊರಡುತ್ತವೆ. ಮನೆಗೆ ಬೀಗ ಬಿದ್ದರೆ ಮಗುವಿನ ಶಾಲೆಗೂ ಬೀಗ ಬಿದ್ದಂತೆ.

ಜಗಳೂರಿನದು ಬಯಲುಸೀಮೆಯ ಕಥೆ. ಮಳೆ ನಂಬಿದ ಹೊಲ, ಮಳೆ ಕೈಕೊಟ್ಟರೆ ಊರು ಬಿಡುವ ಜನ. ಹುಡುಗರನ್ನು ವರ್ಷದ ಲೆಕ್ಕದಲ್ಲಿ ಕುರಿ ಕಾಯಲು ಬಿಡುವ ರೂಢಿ ಬಯಲುಸೀಮೆಗೆ ಹಳೆಯದು. ಅಪ್ಪ ಮುಂಗಡ ತೆಗೆದುಕೊಂಡರೆ ಮಗ ಕುರಿಹಿಂಡಿನ ಹಿಂದೆ ಊರೂರು ಅಲೆಯುತ್ತಾನೆ. ಊರು ಇದನ್ನು ‘ಕುರಿ ಕಾಯೋಕೆ ಬಿಟ್ಟಿದೀವಿ’ ಎಂದು ಸಲೀಸಾಗಿ ಹೇಳುತ್ತದೆ. ಮುಂಗಡದ ಸಾಲ ತೀರುವವರೆಗೆ ಬಿಡುವಂತಿಲ್ಲ ಎಂದಾದರೆ ಕಾನೂನು ಅದಕ್ಕೆ ಇಟ್ಟಿರುವ ಹೆಸರು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಆ ಸಾಲವನ್ನೇ ರದ್ದು ಮಾಡುತ್ತದೆ. ಕೇಂದ್ರದ 2016ರ ಯೋಜನೆಯಂತೆ ಜೀತಮುಕ್ತ ಮಗುವಿಗೆ 2 ಲಕ್ಷ ರೂಪಾಯಿ ಪುನರ್ವಸತಿ ನೆರವೂ ಇದೆ. ‘ಮುಂಗಡ ಎಷ್ಟು ತಗೊಂಡ್ರಿ?’ ಎಂಬ ಒಂದೇ ಪ್ರಶ್ನೆ ಕೇಳಲು ಊರಿನವರಿಗೆ ಗೊತ್ತಿದ್ದರೆ ಪ್ರಕರಣದ ದಿಕ್ಕೇ ಬದಲಾಗುತ್ತದೆ. ತರಬೇತಿ ಎಂದರೆ ಇಂಥ ಪ್ರಶ್ನೆಗಳನ್ನು ಕಲಿಸುವುದು.

ಕಾನೂನಿನ ವಿಷಯದಲ್ಲೂ ಊರಿನಲ್ಲಿ ಅರ್ಧಂಬರ್ಧ ತಿಳಿವಳಿಕೆ ಇದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದ ಮೇಲೆ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಹಚ್ಚುವಂತಿಲ್ಲ. 14ರಿಂದ 18ರೊಳಗಿನ ಕಿಶೋರರನ್ನು ಅಪಾಯಕಾರಿ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ತಪ್ಪಿದರೆ ಮಾಲೀಕನಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸಜೆ ಅಥವಾ 20 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಷ್ಟು ಬಹಳಷ್ಟು ಜನಕ್ಕೆ ಗೊತ್ತು. ಜೊತೆಗೆ ‘ಮನೆಯವರಿಗೆ ನೆರವಾಗಬಹುದು ಅಂತ ಕಾನೂನೇ ಹೇಳ್ತದಲ್ಲ’ ಎಂಬುದೂ ಗೊತ್ತು. ಆ ವಿನಾಯಿತಿಗೆ ಇರುವ ಬೇಲಿ ಮಾತ್ರ ಗೊತ್ತಿಲ್ಲ.

2017ರಲ್ಲಿ ತಿದ್ದುಪಡಿಯಾದ ನಿಯಮಗಳು ಆ ಬೇಲಿಯನ್ನು ಬಿಡಿಸಿ ಹೇಳಿವೆ. ಮಗು ನೆರವಾಗುವ ಕಸುಬಿಗೆ ಅದರ ಕುಟುಂಬವೇ ಯಜಮಾನನಾಗಿರಬೇಕು. ಶಾಲೆಯ ಹೊತ್ತಿನಲ್ಲಿ ಕೆಲಸ ಕೂಡದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೂ ಕೂಡದು. ಇದನ್ನು ಅಡಿಕೆ ಕಣಕ್ಕೆ ತಂದು ನೋಡಿದರೆ ಎಲ್ಲ ಸ್ಪಷ್ಟ. ಬೇರೆಯವರ ಅಡಿಕೆಯನ್ನು ಅಮ್ಮನ ಜೊತೆ ಕೂತು ಸುಲಿಯುವ ಮಗುವಿಗೆ ವಿನಾಯಿತಿ ಅನ್ವಯಿಸುವುದೇ ಇಲ್ಲ. ಸ್ವಂತ ತೋಟದ ಅಡಿಕೆಯಾದರೂ ರಾತ್ರಿ ಎಂಟು ಗಂಟೆಗೆ ಮಗುವನ್ನು ಕೂರಿಸುವಂತಿಲ್ಲ. ಸುಲಿಯುವ ಯಂತ್ರಗಳು ಬಂದ ಮೇಲೆ ಮಕ್ಕಳಿಗೆ ಬಿಡುಗಡೆ ಸಿಕ್ಕಿತು ಎನ್ನುವವರಿದ್ದಾರೆ. ಯಂತ್ರ ಬಿಟ್ಟ ಅಡಿಕೆಯನ್ನು ಆಯಲು, ಸಿಪ್ಪೆ ಬಾಚಲು ಮತ್ತೆ ಸಣ್ಣ ಕೈಗಳೇ ಬೇಕಾಗುತ್ತವೆ, ಅದೂ ತಿರುಗುವ ಬೆಲ್ಟಿನ ಪಕ್ಕದಲ್ಲಿ.

ಕಾನೂನು ಇದ್ದರೆ ದಾಳಿ ಮಾಡಿದರಾಯಿತಲ್ಲ ಎನ್ನಬಹುದು. ದಾಳಿ ಬೇಕು. ಮಾಲೀಕರಿಗೆ ಭಯ ಬೇಕು. ಆದರೆ ದಾಳಿಯೊಂದರಿಂದಲೇ ಏನಾಗುತ್ತದೆ ಎಂಬುದಕ್ಕೆ ಜಿಲ್ಲಾ ಕೇಂದ್ರದಲ್ಲೇ ಉದಾಹರಣೆ ಇದೆ. ದಾವಣಗೆರೆಯ ಮಂಡಕ್ಕಿ ರಾಜ್ಯಕ್ಕೆಲ್ಲ ಹೆಸರುವಾಸಿ. ಅದನ್ನು ಹುರಿಯುವ ಭಟ್ಟಿಗಳ ಬಿಸಿ, ಹೊಗೆಯ ನಡುವೆ ಮಕ್ಕಳು ದುಡಿಯುತ್ತಿದ್ದ ಮಾತೂ ಒಂದು ಕಾಲಕ್ಕೆ ಅಷ್ಟೇ ಜೋರಾಗಿತ್ತು. ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಗೆ ಸೇರಿದ ಕರ್ನಾಟಕದ ಜಿಲ್ಲೆಗಳಲ್ಲಿ ದಾವಣಗೆರೆಯೂ ಒಂದು. ಬಿಡಿಸಿ ತಂದ ಮಕ್ಕಳನ್ನು ವಿಶೇಷ ತರಬೇತಿ ಕೇಂದ್ರಗಳಲ್ಲಿ ಕೂರಿಸಿ ಓದಿಸಿ, ಊಟ ಹಾಕಿ, ತಿಂಗಳಿಗೆ ಒಂದಿಷ್ಟು ಶಿಷ್ಯವೇತನ ಕೊಟ್ಟು, ಆಮೇಲೆ ಮಾಮೂಲಿ ಶಾಲೆಗೆ ಸೇರಿಸುವುದು ಆ ಯೋಜನೆಯ ಕ್ರಮ. 2021ರ ಏಪ್ರಿಲ್‌ನಿಂದ ಅದನ್ನು ಸಮಗ್ರ ಶಿಕ್ಷಣ ಅಭಿಯಾನದೊಳಗೆ ಕರಗಿಸಲಾಯಿತು. ದಾಳಿ ಮಾಡುವವರು ಉಳಿದರು, ಬಿಡಿಸಿ ತಂದ ಮಗುವನ್ನು ಕೈ ಹಿಡಿದು ಕೂರಿಸಿಕೊಳ್ಳುತ್ತಿದ್ದ ಪ್ರತ್ಯೇಕ ಕೇಂದ್ರ ಉಳಿಯಲಿಲ್ಲ. ಈಗ ಆ ಹೊಣೆ ಶಾಲೆಯದು. ಶಾಲೆಗೆ ಊರು ಜೊತೆಯಾಗದಿದ್ದರೆ ಬಿಡಿಸಿದ ಮಗು ವಾರದೊಳಗೆ ಇನ್ನೊಂದು ಕಣದಲ್ಲಿರುತ್ತದೆ.

ಊರನ್ನೇ ತಯಾರು ಮಾಡುವ ಪ್ರಯೋಗ ಕರ್ನಾಟಕಕ್ಕೆ ಹೊಸದಲ್ಲ. ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುತ್ತ ಬಂದ ‘ದಿ ಕನ್ಸರ್ನ್‌ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಬೆಂಬಲದಲ್ಲಿ 1990ರಲ್ಲಿ ದುಡಿಯುವ ಮಕ್ಕಳದೇ ಸಂಘಟನೆಯಾಗಿ ಭೀಮ ಸಂಘ ಹುಟ್ಟಿತು. 1990ರ ದಶಕದ ನಡುವಿನಿಂದ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ನಡೆದವು. ಅಲ್ಲಿ ಮಕ್ಕಳೇ ಊರಿನ ಸಮೀಕ್ಷೆ ಮಾಡಿದರು, ಯಾರು ಶಾಲೆ ಬಿಟ್ಟಿದ್ದಾರೆ, ಯಾಕೆ ಬಿಟ್ಟಿದ್ದಾರೆ ಎಂದು ಬರೆದುಕೊಂಡರು. ಮಕ್ಕಳು ಮುಂದಿಟ್ಟ ಕಾರಣಗಳಲ್ಲಿ ಮಳೆಗಾಲದಲ್ಲಿ ದಾಟಲಾಗದ ಹಳ್ಳವೂ ಇತ್ತು, ಬೇಡಿಕೆಗಳಲ್ಲಿ ಅದಕ್ಕೊಂದು ಕಾಲುಸಂಕವೂ ಇತ್ತು. ಕಾಲುಸಂಕ ಹಾಕಿಸುವುದು ಬಾಲಕಾರ್ಮಿಕ ನಿರ್ಮೂಲನೆಯ ಭಾಗ ಎಂದು ಯಾವ ಇಲಾಖೆಯ ಕೈಪಿಡಿಯೂ ಹೇಳಿರಲಿಲ್ಲ. ಆ ಅನುಭವದ ಬೆನ್ನಿಗೆ 2006ರಲ್ಲಿ ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂಬ ಆದೇಶ ಬಂತು.

ಪಕ್ಕದ ತೆಲುಗು ನಾಡಿನದು ಇನ್ನೊಂದು ದಾರಿ. ಶಾಂತಾ ಸಿನ್ಹಾ ಅವರ ನೇತೃತ್ವದ ಎಂ.ವಿ. ಫೌಂಡೇಷನ್ 1991ರ ಹೊತ್ತಿಗೆ ರಂಗಾರೆಡ್ಡಿ ಜಿಲ್ಲೆಯಲ್ಲಿ ಒಂದು ಸರಳ ನಿಯಮ ಹಿಡಿದು ಹೊರಟಿತು: ಹಗಲು ಶಾಲೆಯಲ್ಲಿ ಇಲ್ಲದ ಪ್ರತಿ ಮಗುವೂ ಬಾಲಕಾರ್ಮಿಕ. ಹೊಲದ ಕೆಲಸ, ಮನೆಗೆಲಸ, ದನ ಕಾಯುವುದು ಎಂಬ ಭೇದ ಇಲ್ಲ. ಅವರು ಕಟ್ಟಿದ ಊರಿನ ಮಕ್ಕಳ ಹಕ್ಕು ವೇದಿಕೆಗಳಲ್ಲಿ ಹಿಂದೆ ಮಕ್ಕಳನ್ನು ದುಡಿಸಿಕೊಳ್ಳುತ್ತಿದ್ದ ಜಮೀನುದಾರರೂ ಸದಸ್ಯರಾದರು. ತಾವೇ ಇಟ್ಟುಕೊಂಡಿದ್ದ ಹುಡುಗನನ್ನು ಶಾಲೆಗೆ ಬಿಟ್ಟುಬಂದವರು ಪಕ್ಕದ ಮನೆಯವರಿಗೆ ಬುದ್ಧಿ ಹೇಳಿದರೆ ಆ ಮಾತಿಗೆ ತೂಕವೇ ಬೇರೆ. ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 2007ರಲ್ಲಿ ಅವರು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊದಲ ಅಧ್ಯಕ್ಷೆಯಾದರು.

ಕುಂದಾಪುರದಲ್ಲಿ ಮಕ್ಕಳ ಬಾಯಿಗೆ ಕಿವಿ ಕೊಟ್ಟರು, ರಂಗಾರೆಡ್ಡಿಯಲ್ಲಿ ಮಾಲೀಕರನ್ನು ಒಳಗೆ ತಂದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿಗೆ ಎರಡೂ ಬೇಕು.

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವ ‘ಅರಿವು ಕಾರ್ಯಕ್ರಮ’ದ ಚಿತ್ರ ಎಲ್ಲರಿಗೂ ಪರಿಚಿತ. ಜೂನ್ 12, ಬಾಲಕಾರ್ಮಿಕ ಪದ್ಧತಿ ವಿರೋಧಿ ದಿನ. ಶಾಲೆಯ ಆವರಣದಲ್ಲಿ ಶಾಮಿಯಾನ, ಹಿಂದೆ ಫ್ಲೆಕ್ಸು, ಮುಂದೆ ಸಮವಸ್ತ್ರದ ಮಕ್ಕಳು. ಗಣ್ಯರು ದೀಪ ಬೆಳಗುತ್ತಾರೆ, ಪ್ರತಿಜ್ಞೆ ಬೋಧಿಸುತ್ತಾರೆ, ಜಾಥಾ ಹೊರಡುತ್ತದೆ. ಈಗಾಗಲೇ ಶಾಲೆಗೆ ಬಂದಿರುವ ಮಕ್ಕಳಿಗೆ ಶಾಲೆಗೆ ಬನ್ನಿ ಎಂದು ಹೇಳಿ ಎಲ್ಲರೂ ಮನೆಗೆ ಹೋಗುತ್ತಾರೆ. ಅಡಿಕೆ ಕೊಯ್ಲಿಗೆ ಇನ್ನೂ ಎರಡು ತಿಂಗಳಿರುತ್ತದೆ. ಮಕ್ಕಳ ಗ್ರಾಮಸಭೆಗಳು ನಡೆಯುವುದು ನವೆಂಬರ್ 14ರ ಆಜುಬಾಜಿನಲ್ಲಿ. ಅಷ್ಟರಲ್ಲಿ ಎರಡು ಮೂರು ಕೊಯ್ಲು ಮುಗಿದು ಮಕ್ಕಳ ಬೆರಳು ಕಪ್ಪಾಗಿ ತಿಂಗಳುಗಳಾಗಿರುತ್ತವೆ. ಸರ್ಕಾರದ ಪಂಚಾಂಗ ಬೇರೆ, ತೋಟದ ಪಂಚಾಂಗ ಬೇರೆ.

ನಿಜವಾದ ತರಬೇತಿ ತೋಟದ ಪಂಚಾಂಗ ನೋಡಿ ಶುರುವಾಗಬೇಕು. ಚನ್ನಗಿರಿಗೆ ಜುಲೈ. ವಲಸೆಯ ತಾಂಡಾಗಳಿಗೆ ಕುಟುಂಬಗಳು ಗಂಟು ಕಟ್ಟುವ ಮುಂಚಿನ ತಿಂಗಳು. ಮುಂಗಾರು ಕೈಕೊಟ್ಟ ವರ್ಷ ಜಗಳೂರಿಗೆ ಇನ್ನೂ ಮೊದಲು. ಸಭೆ ನಡೆಯುವ ಜಾಗವೂ ಬದಲಾಗಬೇಕು. ಖೇಣಿದಾರರು ಶಾಲೆಯ ಕಾರ್ಯಕ್ರಮಕ್ಕೆ ಬರುವುದಿಲ್ಲ, ಅವರು ಸೇರುವ ಕಡೆಗೇ ಹೋಗಬೇಕು. ಚನ್ನಗಿರಿಯ ತುಮ್ಕೋಸ್‌ನಂಥ ಅಡಿಕೆ ಬೆಳೆಗಾರರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಗೊಬ್ಬರ, ಧಾರಣೆ, ಎಲೆಚುಕ್ಕೆ ರೋಗದ ಜೊತೆಗೆ ‘ನಮ್ಮ ಕಣದಲ್ಲಿ 14ರೊಳಗಿನ ಮಗು ಇಲ್ಲ’ ಎಂಬ ನಿರ್ಣಯವೂ ಒಂದು ವಿಷಯವಾದರೆ ಆ ಮಾತು ಸಾವಿರಾರು ತೋಟಗಳಿಗೆ ತಲುಪುತ್ತದೆ. ಭಾಷೆಯೂ ಮುಖ್ಯ. ಇಲಾಖೆಯ ಕನ್ನಡದಲ್ಲಿ ಬರೆದ ಕರಪತ್ರ ತಾಂಡಾದ ಅಜ್ಜಿಗೆ ತಲುಪುವುದಿಲ್ಲ. ಮನೆಯಲ್ಲಿ ಲಂಬಾಣಿ ಆಡುವವರಿಗೆ ಲಂಬಾಣಿಯಲ್ಲಿ, ಉರ್ದು ಆಡುವವರಿಗೆ ಉರ್ದುವಿನಲ್ಲಿ ಹೇಳುವವರು ಬೇಕು. ಅಂಥವರು ಅದೇ ಊರಿನಲ್ಲಿದ್ದಾರೆ.

ಕಲಿಸುವುದು ಏನನ್ನು? ಕಾಯ್ದೆಯ ಕಲಂಗಳನ್ನು ಓದಿ ಹೇಳಿದರೆ ಅರ್ಧ ಗಂಟೆಯಲ್ಲಿ ಸಭೆ ಆಕಳಿಸುತ್ತದೆ. ಅದರ ಬದಲು ಸಂದರ್ಭಗಳನ್ನು ಮುಂದಿಟ್ಟು ಕೇಳಬೇಕು. ಏಳನೇ ತರಗತಿಯ ಹುಡುಗಿ ಎಂಟು ದಿನದಿಂದ ಬಂದಿಲ್ಲ, ಅಜ್ಜಿಗೆ ಹುಷಾರಿಲ್ಲ ಅಂತೆ. ಮನೆಗೆ ಯಾರು ಹೋಗಬೇಕು? ಕರ್ನಾಟಕದಲ್ಲಿ ಸತತ ಏಳು ದಿನ ಗೈರಾದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಎಂದೇ ಪರಿಗಣಿಸಿ ಹುಡುಕಬೇಕು ಎಂಬ ನಿಯಮ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿಗೆ ಗೊತ್ತೇ? ಮನೆಗೆ ಹೋದವರು ಮೊದಲ ಮಾತು ಏನಾಡಬೇಕು? ‘ಯಾಕಮ್ಮ ಮಗೂನ ಕೆಲಸಕ್ಕೆ ಹಾಕಿದೀಯ, ಕೇಸಾಗ್ತದೆ ಗೊತ್ತಾ’ ಎಂದರೆ ಬಾಗಿಲು ಮುಚ್ಚಿತು. ‘ಅಕ್ಕ, ಹುಡುಗಿ ಬಂದಿಲ್ಲ, ಏನಾದ್ರೂ ತೊಂದ್ರೆ ಇದೆಯಾ’ ಎಂದರೆ ಮಾತು ಮುಂದುವರಿಯುತ್ತದೆ. ಬೆಳಗಿನ ಐದು ಗಂಟೆಗೆ ಆಟೊ ಹತ್ತುವ ಗುಂಪಿನಲ್ಲಿ ಮೂವರು ಮಕ್ಕಳು ಕಂಡರೆ ಚಾಲಕ ಏನು ಮಾಡಬೇಕು? ಯಾರಿಗೆ ಫೋನು ಮಾಡಬೇಕು? ತನ್ನ ಹೆಸರು ಹೊರಬೀಳುತ್ತದೆಯೇ?

ಈ ಕೊನೆಯ ಪ್ರಶ್ನೆಯೇ ಎಲ್ಲರ ಬಾಯಿ ಕಟ್ಟಿರುವುದು. ದಿನಾ ಮುಖ ನೋಡುವ ಜನ, ಸಾಲ ಕೊಟ್ಟವರು, ಮದುವೆಗೆ ಕರೆದವರು. ಅವರ ಮೇಲೆ ದೂರು ಹೇಳುವುದು ಹೇಗೆ? ದೂರು ಹೇಳುವ ಭಾರವನ್ನು ಒಬ್ಬರ ಹೆಗಲಿಗೆ ಹಾಕದಿರುವುದೇ ಇದಕ್ಕೆ ದಾರಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಧ್ಯಕ್ಷರ ನೇತೃತ್ವದ ಮಕ್ಕಳ ರಕ್ಷಣಾ ಸಮಿತಿ ಇರಬೇಕೆಂದು ಸರ್ಕಾರದ ಯೋಜನೆಯೇ ಹೇಳುತ್ತದೆ. ಅದು ಕಾಗದದಲ್ಲಿ ಉಳಿಯದೆ ಹಂಗಾಮಿನ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಕೂತರೆ, ಶಾಲೆಯ ಗೈರುಪಟ್ಟಿ, ಅಂಗನವಾಡಿಯ ಮಾಹಿತಿ, ಆಶಾ ಕಾರ್ಯಕರ್ತೆ ಕಂಡದ್ದು ಎಲ್ಲವೂ ಒಂದೇ ಮೇಜಿನ ಮೇಲೆ ಬರುತ್ತದೆ. ಮೊದಲ ಸಲ ಖೇಣಿದಾರರ ಜೊತೆ ಮಾತು. ಕೇಳದಿದ್ದರೆ ಸಮಿತಿಯ ಹೆಸರಿನಲ್ಲೇ ಕಾರ್ಮಿಕ ನಿರೀಕ್ಷಕರಿಗೆ ಪತ್ರ. ಮಗು ಜೀತದಲ್ಲಿದ್ದರೆ, ಪೆಟ್ಟು ತಿಂದಿದ್ದರೆ, ಊರು ಬಿಟ್ಟು ಸಾಗಿಸಿದ್ದರೆ ಮಾತುಕತೆಗೆ ಅವಕಾಶವೇ ಇಲ್ಲ, ತಕ್ಷಣ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ. ಯಾವುದನ್ನು ಊರಿನಲ್ಲೇ ಸರಿಪಡಿಸಬಹುದು, ಯಾವುದನ್ನು ಒಂದು ಗಂಟೆಯೂ ತಡಮಾಡದೆ ಹೊರಗೆ ತಿಳಿಸಬೇಕು ಎಂಬ ಗೆರೆಯನ್ನು ತರಬೇತಿ ಎಳೆದು ತೋರಿಸಬೇಕು. ಈ ಗೆರೆ ಇಲ್ಲದೆ ಹೋದರೆ ‘ರಾಜಿ ಪಂಚಾಯಿತಿ’ಗಳು ಮಗುವಿನ ಪ್ರಕರಣವನ್ನೂ ನುಂಗಿಹಾಕುತ್ತವೆ.

ಮಗು ಸಿಕ್ಕ ಮೇಲಿನ ನಡತೆಯನ್ನೂ ಕಲಿಸಬೇಕು. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಕಾನೂನಿಗೆ ವಿರುದ್ಧವಾಗಿ ದುಡಿಯುತ್ತಿರುವ ಮಗು ಪೋಷಣೆ, ರಕ್ಷಣೆ ಬೇಕಾದ ಮಗು. ವಶಕ್ಕೆ ಪಡೆದ 24 ಗಂಟೆಯೊಳಗೆ ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅದರ ಫೋಟೊ, ಹೆಸರು, ಶಾಲೆ ಯಾವುದನ್ನೂ ಪ್ರಕಟಿಸುವಂತಿಲ್ಲ. ಆದರೂ ರಕ್ಷಣೆಯ ಸಂಜೆಯೇ ಮಗುವಿನ ಮುಖ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವುದಿದೆ. ಮಾಲೀಕ ಕಟ್ಟಿದ ದಂಡ ಮಕ್ಕಳ ಪುನರ್ವಸತಿ ನಿಧಿಗೆ ಹೋಗಬೇಕು, ಆ ಮಗುವಿನ ಲೆಕ್ಕದಲ್ಲಿ ಸರ್ಕಾರ 15 ಸಾವಿರ ರೂಪಾಯಿ ಸೇರಿಸಬೇಕು. ಇದು ತಾಯಿಗೆ ಗೊತ್ತಿದ್ದರೆ ಅವಳೇ ಕಚೇರಿಗೆ ಹೋಗಿ ಕೇಳುತ್ತಾಳೆ. ಗೊತ್ತಿಲ್ಲದಿದ್ದರೆ ದಾಳಿ ಎಂದರೆ ಮನೆಗೆ ಬಂದ ಆಪತ್ತು ಅಷ್ಟೇ.

ಇಷ್ಟೆಲ್ಲ ಹೇಳುವಾಗ ಕೇಳಿಬರುವ ಆಕ್ಷೇಪ ಒಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಂಗಾಮಿನ ನಾಲ್ಕು ತಿಂಗಳ ದುಡಿಮೆಯಲ್ಲೇ ವರ್ಷದ ಸಾಲ ತೀರಿಸುವ ಮನೆಗಳಿವೆ. ಗಂಡ ಹಾಸಿಗೆ ಹಿಡಿದ, ಗಂಡ ತೀರಿಕೊಂಡ ಮನೆಗಳಿವೆ. ಮಗುವಿನ ಬುಟ್ಟಿ ಕಿತ್ತುಕೊಂಡು ಬುದ್ಧಿ ಹೇಳಿದರೆ ಆ ತಾಯಿ ಕೇಳುವುದು, ‘ಹಾಗಾದ್ರೆ ನೀವು ತಂದು ಹಾಕ್ತೀರಾ?’ ಎಂದು. ಅದಕ್ಕೆ ಉತ್ತರ ಸಮಿತಿಯ ಹತ್ತಿರ ಇರಬೇಕು. ವಿಧವಾ ವೇತನ ಯಾಕೆ ನಿಂತಿದೆ, ಉದ್ಯೋಗ ಖಾತರಿಯ ಕೂಲಿ ಯಾಕೆ ಬಂದಿಲ್ಲ, ಗೃಹಲಕ್ಷ್ಮಿಯ 2 ಸಾವಿರ ಯಾರ ಖಾತೆಗೆ ಬೀಳುತ್ತಿದೆ, ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಿಂದ ಕಡಿಮೆ ಬಡ್ಡಿಯ ಸಾಲ ಕೊಡಿಸಲಾದೀತೇ ಎಂದು ಆ ಮನೆಯ ಅಂಗಳದಲ್ಲೇ ಕೂತು ನೋಡುವವರು ಬೇಕು. ಬಹಳ ಕಡೆ ಹಿರಿಯ ಹುಡುಗಿ ಶಾಲೆ ಬಿಡುವುದು ಕೂಲಿಗಲ್ಲ, ಕೂಲಿಗೆ ಹೋದ ಅಮ್ಮನ ಕೂಸನ್ನು ನೋಡಿಕೊಳ್ಳಲು. ಅದಕ್ಕೆಂದೇ 2023–24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಣೆಯಾಯಿತು. ಅದು ಇರುವ ಊರಿನಲ್ಲಿ ಹಂಗಾಮಿನ ತಿಂಗಳುಗಳಲ್ಲಾದರೂ ಹೊತ್ತು ಹೆಚ್ಚಿಸಿದರೆ ಒಬ್ಬೊಬ್ಬ ಅಕ್ಕ ತರಗತಿಗೆ ಮರಳುತ್ತಾಳೆ. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರ ‘ಓದುವ ಬೆಳಕು’ ಅಭಿಯಾನದಿಂದ ಮಕ್ಕಳಿಗೆ ಸದಸ್ಯತ್ವವೂ ಉಚಿತ. ಅಪ್ಪ ಅಮ್ಮ ಕಣದಲ್ಲಿರುವ ಸಂಜೆ 6ರಿಂದ 9ರವರೆಗೆ ಆ ಬಾಗಿಲು ತೆರೆದಿದ್ದರೆ ಮಗುವಿಗೆ ಮೆಟ್ಟುಗತ್ತಿಯ ಬದಲು ಕೂರಲು ಒಂದು ಜಾಗ ಸಿಗುತ್ತದೆ.

‘ಕೆಲಸ ಕಲೀಬೇಡ್ವಾ ಮಕ್ಳು? ನಾವೆಲ್ಲ ದುಡಿದೇ ದೊಡ್ಡೋರಾದ್ವಿ’ ಎಂಬ ಮಾತೂ ಇದೆ. ತೋಟದ ಮಗ ಭಾನುವಾರ ಅಪ್ಪನ ಜೊತೆ ಸಸಿಗೆ ನೀರು ಬಿಟ್ಟರೆ ಯಾರೂ ತಡೆಯುವುದಿಲ್ಲ, ಕಾನೂನೂ ತಡೆಯುವುದಿಲ್ಲ. ಆದರೆ ಆ ಮಾತಾಡುವವರ ಸ್ವಂತ ಮಕ್ಕಳು ಹಂಗಾಮಿನ ರಾತ್ರಿ ದಾವಣಗೆರೆಯ ಹಾಸ್ಟೆಲಿನಲ್ಲೋ ಟ್ಯೂಷನ್ನಿನಲ್ಲೋ ಇರುತ್ತಾರೆ, ಕೆಲಸ ‘ಕಲಿಯುವುದು’ ಕೂಲಿಯವರ ಮಕ್ಕಳು ಮಾತ್ರ. ಊರಿನ ಸಭೆಯಲ್ಲಿ ಈ ಮಾತನ್ನು ಯಾರಾದರೂ ಎದ್ದು ಹೇಳುವಂತಾದರೆ ಆ ತರಬೇತಿ ಫಲ ಕೊಟ್ಟಿತು ಎನ್ನಬಹುದು.

ಜಗತ್ತು 2025ರ ಹೊತ್ತಿಗೆ ಬಾಲಕಾರ್ಮಿಕ ಪದ್ಧತಿಯನ್ನು ಕೊನೆಗೊಳಿಸುವ ಗುರಿ ಇಟ್ಟುಕೊಂಡಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನಿಸೆಫ್ ಅದೇ ವರ್ಷ ಕೊಟ್ಟ ಲೆಕ್ಕದಂತೆ 13.8 ಕೋಟಿ ಮಕ್ಕಳು ಇನ್ನೂ ದುಡಿಯುತ್ತಿದ್ದಾರೆ, ಅವರಲ್ಲಿ ನೂರಕ್ಕೆ 61ರಷ್ಟು ಮಂದಿ ಇರುವುದು ಕೃಷಿಯಲ್ಲಿ. ಕಾರ್ಖಾನೆಗೆ ಗೇಟು ಇರುತ್ತದೆ, ಅಲ್ಲಿ ನಿರೀಕ್ಷಕ ನಿಲ್ಲಬಹುದು. ತೋಟಕ್ಕೆ, ಹೊಲಕ್ಕೆ, ಕುರಿಹಟ್ಟಿಗೆ ಗೇಟಿಲ್ಲ. ಅಲ್ಲಿ ದಿನಾ ಓಡಾಡುವುದು ಊರಿನವರೇ.

ಚನ್ನಗಿರಿ ಸೀಮೆಯ ಪಂಚಾಯಿತಿಗಳು ಮಾಡಬೇಕಾದ ಮೊದಲ ಕೆಲಸಕ್ಕೆ ಹೊಸ ಕಾಯ್ದೆ ಬೇಡ, ದೊಡ್ಡ ಅನುದಾನವೂ ಬೇಡ. ಮಕ್ಕಳ ಗ್ರಾಮಸಭೆಯನ್ನು ನವೆಂಬರ್‌ನಿಂದ ಜುಲೈಗೆ ತರಲಿ. ಆ ಸಭೆಯಲ್ಲಿ ಮಕ್ಕಳ ಎದುರಿನ ಸಾಲಿನಲ್ಲಿ ಖೇಣಿದಾರರು ಕೂರಲಿ, ಕಳೆದ ಹಂಗಾಮಿನಲ್ಲಿ ಏಳು ದಿನಕ್ಕಿಂತ ಹೆಚ್ಚು ಗೈರಾದ ಮಕ್ಕಳು ಎಷ್ಟು ಮಂದಿ ಎಂಬ ಲೆಕ್ಕವನ್ನು ಮುಖ್ಯ ಶಿಕ್ಷಕರು ಓದಲಿ. ಜನವರಿಯಲ್ಲಿ ಅದೇ ಸಭೆ ಮತ್ತೆ ಸೇರಿ ಹೊಸ ಹಂಗಾಮಿನ ಲೆಕ್ಕ ಕೇಳಲಿ.